ತಲೆಯ ಮೇಲಿನ ವಿಮಾನದ ಸದ್ದು: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಕ್ಯೂಪರ್ಟಿನೊ ಕಡೆ ನೆಲೆಸಿರುವ ಕನ್ನಡಿಗರು ಅನೇಕರು. ಸ್ಯಾನ್ ಹೋಸೆ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಸಾಮಾನ್ಯ ದಿನಗಳಲ್ಲಿ ಈ ಊರುಗಳ ಮೇಲೆ ಬರುವುದಿಲ್ಲ. ಆದರೆ ಗಾಳಿ ದಕ್ಷಿಣದಿಂದ ಬೀಸತೊಡಗಿದಾಗ ರನ್‌ವೇ ಬಳಸುವ ದಿಕ್ಕು ತಿರುಗುತ್ತದೆ. ಅಲ್ಲಿನವರು 'ಸೌತ್ ಫ್ಲೋ' ಎನ್ನುವ ಈ ಹೊತ್ತಿನಲ್ಲಿ ವಿಮಾನಗಳು ಒಂದರ ಹಿಂದೊಂದರಂತೆ ಕೆಳಮಟ್ಟದಲ್ಲಿ ಸನ್ನಿವೇಲ್ ದಾಟಿ ಇಳಿಯುತ್ತವೆ. ಆಗ ಸಿಟ್ಟಿನಿಂದ ಪತ್ರ ಬರೆಯಲು ಕೂರುವ ಮುನ್ನ, ಯಾವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ತಿಳಿದುಕೊಳ್ಳುವುದು ಲೇಸು.

ಆಕಾಶ ಪೂರ್ತಿಯಾಗಿ ಫೆಡರಲ್ ಸರ್ಕಾರದ್ದು. ವಿಮಾನ ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಹಾರಬೇಕೆಂದು ನಿರ್ಧರಿಸುವುದು ಫೆಡರಲ್ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಜೆಟ್‌ಗಳು ಏರಬಾರದೆಂದು ಬರ್ಬ್ಯಾಂಕ್ ನಗರ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ 1973ರಲ್ಲಿ ರದ್ದುಪಡಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ಹಾರಾಟದ ದಾರಿ ಬದಲಿಸಿ ಎಂದು ನಗರಸಭೆಯನ್ನು ಒತ್ತಾಯಿಸಿದರೆ, ಅದು ನಿಮ್ಮ ಪರವಾಗಿ ಎಫ್‌ಎಎಗೆ ಒಂದು ಪತ್ರ ಬರೆದೀತು, ಅಷ್ಟೆ.

ನಿಲ್ದಾಣದ ಒಡೆತನ ಹೊಂದಿದವರಿಗೆ ಮಾತ್ರ ಸ್ವಲ್ಪ ಹೆಚ್ಚಿನ ಅವಕಾಶವಿದೆ. ಸ್ಯಾನ್ ಹೋಸೆ ನಗರವೇ ತನ್ನ ನಿಲ್ದಾಣದ ಒಡೆಯ. ಸದ್ದನ್ನು ಸಹಿಸಿಕೊಳ್ಳುವ ಸನ್ನಿವೇಲ್‌ಗೆ ಆ ಸ್ಥಾನವಿಲ್ಲ. ಒಡೆಯರಾದರೂ 1990ರ ವಿಮಾನ ನಿಲ್ದಾಣ ಶಬ್ದ ಮತ್ತು ಸಾಮರ್ಥ್ಯ ಕಾಯ್ದೆ ಬಂದ ಮೇಲೆ, ಈಗಿನ ಜೆಟ್‌ಗಳ ಮೇಲೆ ಹೊಸ ನಿರ್ಬಂಧ ಹೇರಬೇಕಾದರೆ ಅವುಗಳನ್ನು ಹಾರಿಸುವವರ ಒಪ್ಪಿಗೆಯನ್ನೋ ಎಫ್‌ಎಎ ಅನುಮತಿಯನ್ನೋ ಪಡೆಯಬೇಕು, ಮತ್ತು ಆ ಅನುಮತಿ ಸುಲಭಕ್ಕೆ ಸಿಗುವಂಥದ್ದಲ್ಲ. ಅದಕ್ಕೂ ಹಿಂದಿನ ನಿರ್ಬಂಧಗಳು ಉಳಿದುಕೊಂಡಿವೆ. ಸ್ಯಾನ್ ಹೋಸೆಯ ರಾತ್ರಿ 11:30ರಿಂದ ಬೆಳಿಗ್ಗೆ 6:30ರವರೆಗಿನ ಕರ್ಫ್ಯೂ ಅಂಥದ್ದು. ಕರ್ಫ್ಯೂ ಎಂದೊಡನೆ ಒಂದು ವಿಮಾನವೂ ಹಾರದು ಎಂದು ಭಾವಿಸುವವರೇ ಹೆಚ್ಚು. ಆದರೆ ವಿಮಾನದ ಪ್ರಮಾಣಪತ್ರದಲ್ಲಿ ನಮೂದಾದ ಸದ್ದಿನ ಸರಾಸರಿ 89 ಡೆಸಿಬಲ್ ಮೀರದ ಜೆಟ್‌ಗಳಿಗೆ ಅದು ಅನ್ವಯಿಸುವುದಿಲ್ಲ. (ಈ 89 ಬೇರೆ ಬಗೆಯ ಅಳತೆ, ಮುಂದೆ ಬರುವ 65ರೊಂದಿಗೆ ಅದನ್ನು ಹೋಲಿಸಬೇಡಿ.)

ಆ 65 ಎಂಬ ಅಂಕಿಯ ಮೇಲೆಯೇ ಬಹುಪಾಲು ನಿರ್ಧಾರಗಳು ನಿಂತಿವೆ. ಹಗಲು ರಾತ್ರಿಯ ಸದ್ದನ್ನು ವರ್ಷದ ಸರಾಸರಿಗೆ ಇಳಿಸಿದಾಗ 65 ಡೆಸಿಬಲ್‌ಗಿಂತ ಕಡಿಮೆ ಬಂದರೆ, ಫೆಡರಲ್ ಲೆಕ್ಕದಲ್ಲಿ ಅದು ವಾಸಕ್ಕೆ ಹೊಂದುವ ಜಾಗ. ರಾತ್ರಿ 10ರಿಂದ ಬೆಳಿಗ್ಗೆ 7ರ ನಡುವಿನ ಸದ್ದಿಗೆ 10 ಡೆಸಿಬಲ್ ಸೇರಿಸುವುದರಿಂದ ರಾತ್ರಿಯ ಒಂದು ಹಾರಾಟ ಹಗಲಿನ ಹತ್ತಕ್ಕೆ ಸಮವಾಗುತ್ತದೆ. ಕ್ಯಾಲಿಫೋರ್ನಿಯಾ ಸಂಜೆ 7ರಿಂದ 10ರವರೆಗಿನ ಸದ್ದಿಗೂ ಸುಮಾರು 5 ಡೆಸಿಬಲ್ ಕೂಡಿಸುತ್ತದೆ. ಇಷ್ಟಾದರೂ ಸರಾಸರಿ ಸರಾಸರಿಯೇ. ಸೌತ್ ಫ್ಲೋ ದಿನ ಮನೆಯೊಳಗೆ ಮಾತೇ ಕೇಳಿಸದಿದ್ದರೂ, ಉಳಿದ ನಿಶ್ಶಬ್ದ ದಿನಗಳೊಡನೆ ಸೇರಿಸಿ ಭಾಗಿಸಿದಾಗ ಆ ಮನೆ ನಕ್ಷೆಯಲ್ಲಿ 65ರ ಗೆರೆಯ ಹೊರಗೇ ಉಳಿಯುತ್ತದೆ. ಕಿಟಕಿ ಬಾಗಿಲುಗಳಿಗೆ ಸದ್ದು ತಡೆಯುವ ವ್ಯವಸ್ಥೆ ಮಾಡಿಸಲು ಸಿಗುವ ಫೆಡರಲ್ ನೆರವಿಗೂ ಸಾಮಾನ್ಯವಾಗಿ ಇದೇ ಗೆರೆ ಆಧಾರ. ನನ್ನ ಮಟ್ಟಿಗೆ ಇದು ಈ ವ್ಯವಸ್ಥೆಯ ಅತಿ ದೊಡ್ಡ ಕೊರತೆ.

ಮನೆ ಕೊಳ್ಳುವವರು ನಿಲ್ದಾಣದ ಶಬ್ದ ನಕ್ಷೆಯನ್ನು ನೋಡಿ, ಮಾರುವವರು ಕೊಡುವ ಮಾಹಿತಿ ಪತ್ರಗಳಲ್ಲಿ ನಿಲ್ದಾಣದ ಪ್ರಭಾವ ವಲಯದ (ಸದ್ದು ಮುಂತಾದ ತೊಂದರೆ ತಟ್ಟಬಹುದೆಂದು ಗುರುತಿಸಿದ ಪ್ರದೇಶದ) ಸೂಚನೆ ಇದೆಯೇ ಎಂದು ಪರಿಶೀಲಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಆ ಸೂಚನೆ ಕಡ್ಡಾಯ, ಆದರೆ ವಲಯದ ಹೊರಗಿನ ಮನೆಗೆ ಅದು ಇರುವುದಿಲ್ಲ. ಹಾಗಾಗಿ ದಕ್ಷಿಣದ ಗಾಳಿ ಇರುವ ದಿನ ಮತ್ತೊಮ್ಮೆ ಹೋಗಿ ಹಿತ್ತಲಲ್ಲಿ ಅರ್ಧ ಗಂಟೆ ನಿಂತು ಬನ್ನಿ.

ದೂರನ್ನು ಮೊದಲು ನಿಲ್ದಾಣದ ಶಬ್ದ ವಿಭಾಗಕ್ಕೆ ಕೊಡಿ. ದಿನಾಂಕ, ನಿಮಿಷದವರೆಗಿನ ಸಮಯ, ಮನೆ ಇರುವ ರಸ್ತೆ, ವಿಮಾನದ ಜಾಡು ತೋರಿಸುವ ಆ್ಯಪ್‌ನಲ್ಲಿ ಸಿಕ್ಕರೆ ಹಾರಾಟದ ಸಂಖ್ಯೆ, ಇಷ್ಟು ಸಾಕು. ದೂರುಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ: 2015ರಲ್ಲಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣಕ್ಕೆ ಬಂದ 8,760 ದೂರುಗಳಲ್ಲಿ 6,852 ಒಂದೇ ಮನೆಯಿಂದ ಬಂದಿದ್ದವು. ದಾರಿಯ ಬಗ್ಗೆಯೇ ತಕರಾರಿದ್ದರೆ ಎಫ್‌ಎಎ ಜಾಲತಾಣದಲ್ಲಿ ಬರೆಯಿರಿ. ಒಬ್ಬರ ಒಂದೇ ದೂರಿಗೆ ಅದು ಒಮ್ಮೆ ಮಾತ್ರ ಉತ್ತರಿಸುವುದರಿಂದ ಮೊದಲ ಪತ್ರವನ್ನೇ ವಿವರವಾಗಿ ಬರೆಯುವುದು ಒಳ್ಳೆಯದು.

ಹೊಸ ದಾರಿಯ ಪ್ರಸ್ತಾವ ಬಂದಾಗ ಪರಿಸರ ಪರಿಶೀಲನೆಯ ಹಂತದಲ್ಲೇ ಅಭಿಪ್ರಾಯ ಸಲ್ಲಿಸಿ. ಅಂತಿಮ ಆದೇಶವಾದ ಮೇಲೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಲು ಇರುವುದು 60 ದಿನ. ಫೀನಿಕ್ಸ್ ನಗರ ಮತ್ತು ಅಲ್ಲಿನ ನಿವಾಸಿಗಳು ಗಡುವು ಮೀರಿ ಹೋಗಿದ್ದರೂ, ಎಫ್‌ಎಎ ತಾನೇ ಪರಿಹಾರದ ಆಸೆ ಹುಟ್ಟಿಸಿತ್ತೆಂಬ ಕಾರಣಕ್ಕೆ ನ್ಯಾಯಾಲಯ ವಿಳಂಬವನ್ನು ಮನ್ನಿಸಿ 2017ರಲ್ಲಿ ಹೊಸ ದಾರಿಗಳನ್ನು ರದ್ದುಮಾಡಿತು. ಆ ಮನ್ನಣೆ ಅಪರೂಪದ್ದು. ಅದನ್ನು ನಂಬಿ ಕೂರದೆ, ಆದೇಶ ಬಂದ ವಾರದಲ್ಲೇ ವಕೀಲರನ್ನು ಕಾಣಿ.