ಕಾಲು ಚಮಚ, ನಾಲ್ಕು ಚಮಚ: ನನ್ನ ವರ್ಷಾಂತ್ಯದ ರೇಡಿಯೊ ಶೋ

"ಅಕ್ಕಾ, ನೀವು ಹೇಳಿದ ಹಾಗೇ ನಾಲ್ಕು ಚಮಚ ಉಪ್ಪು ಹಾಕಿದೆ. ಬಾಯಿಗೆ ಇಡೋಕೆ ಆಗ್ತಿಲ್ಲ. ಈಗ ಏನ್ ಮಾಡ್ಲಿ?"

ನಾನು ನಡೆಸಿದ ಮೊದಲ ವರ್ಷಾಂತ್ಯದ ಶೋಗೆ ಬಂದ ಒಂದೇ ಒಂದು ಫೋನ್ ಕರೆ ಇದು. ನಾನು ಹೇಳಿದ್ದು ಕಾಲು ಚಮಚ. ಅವರ ಕಿವಿಗೆ ಬಿದ್ದಿದ್ದು ನಾಲ್ಕು. ಗಟ್ಟಿಯಾಗಿ ಹೇಳಿ ನೋಡಿ, ಎರಡೂ ಒಂದೇ ರಾಗ. ಪಕ್ಕದಲ್ಲಿ ಮಿಕ್ಸಿ ತಿರುಗುತ್ತಿದ್ದರಂತೂ ಮುಗಿಯಿತು. ನನಗೆ ನಗು ತಡೆಯಲಾಗಲಿಲ್ಲ. ಆ ಕಡೆಯವರೂ ನಕ್ಕರು. ಅದಕ್ಕೂ ಮೊದಲಿನ ನಲವತ್ತು ನಿಮಿಷ ನಾನು ಬರೆದು ತಂದಿದ್ದ ಒಂದು ಜೋಕಿಗೂ ಸ್ಟುಡಿಯೊದಲ್ಲಿ ಯಾರೂ ನಕ್ಕಿರಲಿಲ್ಲ.

ನಮ್ಮದು ಸಣ್ಣ ಸ್ಟೇಷನ್. ದಿನಕ್ಕೆ ಒಂದು ಗಂಟೆಯ ಮಾತುಕತೆ ನನ್ನ ಪಾಲಿಗೆ. ಗಂಟೆ ಅಂತ ಹೆಸರು, ಸುದ್ದಿ, ಜಾಹೀರಾತು ಕಳೆದರೆ ಕೈಗೆ ಸಿಗುವುದು 52 ನಿಮಿಷ. ಮೊದಲ ವರ್ಷ ಡಿಸೆಂಬರ್ 31ಕ್ಕೆ ದೊಡ್ಡ ಮನುಷ್ಯರನ್ನೇ ಕರೆದಿದ್ದೆ. ಮೂರು ಜನ. ಮೂವರನ್ನೂ "ಈ ವರ್ಷ ಹೇಗಿತ್ತು?" ಅಂತ ಕೇಳಿದೆ. ಮೂವರೂ "ತುಂಬಾ ಚೆನ್ನಾಗಿತ್ತು" ಅಂದರು. ಆಮೇಲೆ ಎಲ್ಲರಿಗೂ ಶುಭ ಕೋರಿದರು. ನಾನೂ ಕೋರಿದೆ. ಗಡಿಯಾರ ನೋಡಿದರೆ ಇನ್ನೂ ಮೂವತ್ತು ನಿಮಿಷ ಬಾಕಿ! ಗಾಬರಿಗೆ ಒಂದು ಅಡುಗೆ ಹೇಳಿದೆ. ಉಪ್ಪಿನ ಕಥೆ ಹುಟ್ಟಿದ್ದು ಹಾಗೆ.

ಮರುವರ್ಷದಿಂದ ಪ್ರಶ್ನೆ ಬದಲಾಯಿಸಿದೆ. "ಈ ವರ್ಷ ನಿಮ್ಮ ಮನೇಲಿ ಏನು ಸೀದು ಹೋಯ್ತು?" ಇದಕ್ಕೆ "ಚೆನ್ನಾಗಿತ್ತು" ಅನ್ನುವ ಉತ್ತರ ಇಲ್ಲ. ಒಬ್ಬ ನರ್ಸ್ ಬಂದಿದ್ದರು. ಹಾಲು ಒಲೆ ಮೇಲಿಟ್ಟು ಡ್ಯೂಟಿಗೆ ಹೋಗಿದ್ದನ್ನು ಹೇಳಿದರು. "ಎರಡು ಸಲ. ಮೊದಲನೇ ಸಲ ಪಾತ್ರೆ ಉಜ್ಜಿದೆ. ಎರಡನೇ ಸಲ ಪಾತ್ರೆನೇ ಎಸೆದೆ" ಅಂದರು. ಅಲ್ಲಿಂದ ಮಾತು ರಾತ್ರಿ ಪಾಳಿಗೆ ಹೋಯಿತು, ನಿದ್ದೆಗೆ ಹೋಯಿತು, ವರ್ಷವಿಡೀ ನೋಡಿದ ಸಾವಿಗೂ ಹೋಯಿತು. ನಾನು ಕೇಳಿದ್ದು ಹಾಲಿನ ಬಗ್ಗೆ ಮಾತ್ರ.

ಅತಿಥಿಗಳನ್ನು ಆರಿಸುವಾಗ ನನ್ನ ಲೆಕ್ಕ ಒಂದೇ. ಊರೆಲ್ಲ ರಜೆಯಲ್ಲಿರುವಾಗ ಕೆಲಸ ಮಾಡುವವರು ಯಾರು? ನರ್ಸ್, ಬಸ್ ಡ್ರೈವರ್, ಕರೆಂಟ್ ಲೈನ್ ರಿಪೇರಿಯವರು. ಇವರಿಗೆ ಮೈಕ್ ಹೊಸದು, ಆದರೆ ಕಥೆಗೆ ಬರ ಇಲ್ಲ. ಜೊತೆಗೆ ಒಬ್ಬ ಹಾಸ್ಯಗಾರರು ಇರಲೇಬೇಕು. ಅವರನ್ನು ಒಬ್ಬರನ್ನೇ ಮಾತ್ರ ಕೂರಿಸಬೇಡಿ. ನಾನು ಒಮ್ಮೆ ಕೂರಿಸಿ ಅನುಭವಿಸಿದ್ದೇನೆ. ವೇದಿಕೆಯ ಅಭ್ಯಾಸ ನೋಡಿ, ಜೋಕು ಹೇಳಿ ನಗುವಿಗಾಗಿ ನಿಲ್ಲುತ್ತಾರೆ. ಸ್ಟುಡಿಯೊದಲ್ಲಿ ನಗುವವರು ಯಾರು? ಗಾಜಿನಾಚೆ ಇಂಜಿನಿಯರ್ ಒಬ್ಬರು, ಅವರು ಮೀಟರ್ ನೋಡುತ್ತಿರುತ್ತಾರೆ. ವೇದಿಕೆಯಲ್ಲಿ ಎರಡು ಸೆಕೆಂಡ್ ಮೌನ ಸೊಗಸು. ರೇಡಿಯೊದಲ್ಲಿ ಅದೇ ಮೌನ ಸ್ಟೇಷನ್ ಕೆಟ್ಟುಹೋದ ಹಾಗೆ ಕೇಳುತ್ತದೆ. ಅದಕ್ಕೇ ಈಗ ಅವರನ್ನು ಉಳಿದವರ ನಡುವೆ ಕೂರಿಸುತ್ತೇನೆ, ಎಲ್ಲರ ಮೈಕೂ ತೆರೆದಿರುತ್ತದೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಹೆಂಡತಿ ಅಡುಗೆಯ ಜೋಕು ಬೇಡ. ಅದು ತಪ್ಪು ಅಂತ ಭಾಷಣ ಮಾಡುವುದಿಲ್ಲ. ಹಳಸಿದ್ದನ್ನು ಬಡಿಸಬಾರದು, ಅಷ್ಟೇ. ಅವರಿಗೂ ಒಂದು ಅಡುಗೆ ಹೇಳುವ ಕೆಲಸ ಕೊಡುತ್ತೇನೆ. ಉಳಿದವರು ಸುಮ್ನೆ ಇರುವುದಿಲ್ಲ, "ಅಲ್ಲ ಸ್ವಾಮಿ, ಎಣ್ಣೆ ಕಾಯೋಕೆ ಮುಂಚೆನೇ ಈರುಳ್ಳಿ ಹಾಕ್ತೀರಾ?" ಅಂತ ಹಿಡಿದುಕೊಳ್ಳುತ್ತಾರೆ. ಆಮೇಲೆ ನನಗೆ ಕೆಲಸ ಇರುವುದಿಲ್ಲ.

ಅಡುಗೆ ಮತ್ತು ಹಾಸ್ಯ ಒಂದೇ ಕಾರ್ಯಕ್ರಮದಲ್ಲಿ ಇಡುವುದು ನನ್ನ ಬುದ್ಧಿಯೇನಲ್ಲ. 1926ರಲ್ಲೇ ಅಮೆರಿಕದ ಕೃಷಿ ಇಲಾಖೆ ‘ಆಂಟ್ ಸ್ಯಾಮಿ’ ಅನ್ನುವ ಕಲ್ಪಿತ ಹೆಂಗಸಿನ ಹೆಸರಲ್ಲಿ ರೇಡಿಯೊ ಕಾರ್ಯಕ್ರಮ ಶುರು ಮಾಡಿತ್ತು. ಇಲಾಖೆ ಬರೆದ ಒಂದೇ ಸ್ಕ್ರಿಪ್ಟ್ ಎಲ್ಲ ಸ್ಟೇಷನ್‌ಗಳಿಗೂ ಹೋಗುತ್ತಿತ್ತು. ಒಂದೊಂದು ಕಡೆ ಒಬ್ಬೊಬ್ಬ ಹೆಂಗಸು ಅದನ್ನು ಓದುತ್ತಿದ್ದರು. ಅಡುಗೆ, ಮನೆವಾರ್ತೆ, ನಡುವೆ ತಮಾಷೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಿಬಿಸಿ ರೇಷನ್ ಕಾಲದ ಅಡುಗೆ ಹೇಳಿಸಲು ಎಲ್ಸಿ ಮತ್ತು ಡೋರಿಸ್ ವಾಟರ್ಸ್ ಅನ್ನುವ ಹಾಸ್ಯ ಕಲಾವಿದೆ ಸೋದರಿಯರನ್ನೂ ಕರೆಸಿತ್ತು. ಬೆಳಗಿನ ಸುದ್ದಿ ಮುಗಿದ ಮೇಲೆ ಐದೇ ನಿಮಿಷದ ಕಾರ್ಯಕ್ರಮ ಅದು. ಐದು ನಿಮಿಷದ ಆ ಮಿತಿ ನನಗೆ ಬಹಳ ಇಷ್ಟ. ನಾನು ಇನ್ನೂ ಜಿಪುಣಿ. ನನ್ನ ಶೋನಲ್ಲಿ ಒಂದು ಅಡುಗೆಗೆ ನಾಲ್ಕು ನಿಮಿಷ, ಏಳು ಸಾಮಾನು. ಎಂಟನೆಯದು ಬಂದರೆ ಕೇಳುವವರು ಪೆನ್ನು ಕೆಳಗಿಡುತ್ತಾರೆ.

ಅಂಕಿ ಹೇಳುವುದರಲ್ಲೇ ನನಗೆ ಜಾಸ್ತಿ ಪೆಟ್ಟು ಬಿದ್ದಿರುವುದು. ಕಾಲು, ನಾಲ್ಕು ಆಯಿತಲ್ಲ, ಆರು ಮತ್ತು ನೂರು ಕೂಡ ಹಾಗೇ. ‘ಮುಕ್ಕಾಲು’ ಅನ್ನುವಾಗ ಸಿಗ್ನಲ್ ಒಂದು ಕ್ಷಣ ಕೈಕೊಟ್ಟರೆ ಬರೀ ‘ಕಾಲು’ ಉಳಿಯುತ್ತದೆ. ಈಗ ನಾನು "ಕಾಲು ಚಮಚ" ಅನ್ನುವುದೇ ಇಲ್ಲ. "ಒಂದು ಚಮಚ ತಗೊಳ್ಳಿ, ಅದರಲ್ಲಿ ಕಾಲು ಭಾಗ" ಅನ್ನುತ್ತೇನೆ. ಆರು ಗ್ರಾಂ ಇದ್ದರೆ "ಆರು ಗ್ರಾಂ, ಐದಾದ ಮೇಲೆ ಬರುವ ಆರು". ಸಾಮಾನಿನ ಪಟ್ಟಿ ಎರಡು ಸಲ ಓದುತ್ತೇನೆ, ಎರಡನೇ ಸಲ ನಿಧಾನ. ಚಮಚ ಅಂದರೆ ಯಾವ ಚಮಚ ಅಂತಲೂ ಹೇಳಬೇಕು. ಟೀ ಚಮಚ 5 ಮಿ.ಲೀ., ದೊಡ್ಡ ಚಮಚ 15. ಆಸ್ಟ್ರೇಲಿಯಾದ ಅಳತೆಯಲ್ಲಾದರೆ ದೊಡ್ಡ ಚಮಚ 20 ಮಿ.ಲೀ.! ಎಲ್ಲೆಲ್ಲಿಂದಲೋ ಅಡುಗೆ ಎತ್ತಿಕೊಂಡು ಬರುವ ಅತಿಥಿಗಳಿದ್ದಾರೆ, ಅದಕ್ಕೇ ಹೇಳಿದೆ. ಒಂದು ವರ್ಷ ನಿವೃತ್ತ ಗಣಿತದ ಮೇಷ್ಟ್ರು ಬಂದಿದ್ದರು. ಎಲ್ಲದಕ್ಕೂ "ಅಂದಾಜಿಗೆ ಹಾಕಿ" ಅನ್ನುತ್ತಿದ್ದರು. "ಅಂದಾಜು ಅಂದ್ರೆ ಎಷ್ಟು ಸರ್?" ಅಂತ ಡ್ರೈವರ್ ಕೇಳಿದರು. ಮೇಷ್ಟ್ರು ಸ್ವಲ್ಪ ಯೋಚಿಸಿ, "ಮೂವತ್ತು ವರ್ಷ ಇದನ್ನ ಬರೆದ ಮಕ್ಕಳಿಗೆಲ್ಲ ಸೊನ್ನೆ ಕೊಟ್ಟೆ" ಅಂದರು.

ಇನ್ನೊಂದು ಕಷ್ಟ, ಅಡುಗೆಯವರ ಮಾತೆಲ್ಲ ಕಣ್ಣಿನದು. "ಹೀಗೆ ಆಗಬೇಕು", "ಈ ಬಣ್ಣ ಬರಬೇಕು" ಅಂತ ಕೈ ಅಲ್ಲಾಡಿಸಿ ತೋರಿಸುತ್ತಾರೆ. ತೋರಿಸುವುದು ಯಾರಿಗೆ, ಮೈಕಿಗಾ? ಅದಕ್ಕೆ ಎರಡು ದಿನ ಮೊದಲು ಫೋನಿನಲ್ಲಿ ಕೂತು ಅವರ ಮಾತನ್ನು ಕಿವಿಗೆ, ಮೂಗಿಗೆ, ಬೆರಳಿಗೆ ತಿರುಗಿಸಿಕೊಳ್ಳುತ್ತೇನೆ. "ಚಟಪಟ ನಿಂತ ಮೇಲೆ." "ಹಸಿ ವಾಸನೆ ಹೋದ ಮೇಲೆ." ಸಕ್ಕರೆ ಪಾಕವಾದರೆ ಎರಡು ಬೆರಳಿನ ನಡುವೆ ಒಂದೆಳೆ ಬರಬೇಕು. ಥರ್ಮಾಮೀಟರ್ ಇರುವವರಿಗೆ ಸುಮಾರು 105ರಿಂದ 110 ಡಿಗ್ರಿ ಸೆಲ್ಸಿಯಸ್. ಆಮೇಲೆ ಮನೆಯಲ್ಲಿ ಒಮ್ಮೆ ಅದನ್ನೇ ಮಾಡಿ ನೋಡುತ್ತೇನೆ, ನನ್ನ ಬರಹವನ್ನು ಬೇರೆ ಯಾರಾದರೂ ಓದಬೇಕು, ನಾನು ಕೇಳಿಕೊಂಡೇ ಮಾಡಬೇಕು. ಹೋದ ಸಲ ಓದಿದ್ದು ನನ್ನ ಮಗ. "ಅಮ್ಮಾ, ಇದರಲ್ಲಿ ನೀರು ಹಾಕೋದೇ ಇಲ್ಲ" ಅಂದ. ನಿಜ, ಬರೆಯುವುದೇ ಮರೆತಿದ್ದೆ.

ಅಡುಗೆಯ ಸದ್ದು ಹಾಕಿದರೆ ಚೆನ್ನ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಈರುಳ್ಳಿ ಹುರಿಯುವುದನ್ನು ರೆಕಾರ್ಡ್ ಮಾಡಿ ತಂದೆ. ಹಾಕಿದ ತಕ್ಷಣ ಇಂಜಿನಿಯರ್ ಓಡಿ ಬಂದು ವೈರು ಅಲ್ಲಾಡಿಸತೊಡಗಿದರು. ಲೈನಿನಲ್ಲಿ ಕರಕರ ಬರುತ್ತಿದೆ ಅಂದುಕೊಂಡಿದ್ದರು! ಹುರಿಯುವ ಸದ್ದು ರೇಡಿಯೊದಲ್ಲಿ ಒಂದೋ ಮಳೆ, ಇಲ್ಲ ಕೆಟ್ಟ ಸಿಗ್ನಲ್. ನಾಟಕಗಳಲ್ಲಿ ಮಳೆಗೆ ಅದನ್ನೇ ಬಳಸುವುದೂ ಉಂಟು. ಮೊದಲು "ಈರುಳ್ಳಿ ಹಾಕ್ತಿದ್ದೀನಿ" ಅಂತ ಹೇಳಬೇಕು, ಆಮೇಲೆ ಸದ್ದು, ಜೊತೆಗೆ ಬಾಣಲೆಗೆ ಸೌಟು ತಾಗುವ ಟಣ್ ಇರಬೇಕು. ಆ ಟಣ್ ಇದ್ದರೆ ಮಾತ್ರ ಅದು ಅಡುಗೆಮನೆ.

ಮೈಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಾಯಿಗೂ ಮೈಕಿಗೂ ಒಂದು ಗೇಣು ದೂರ. ನಗು ಬಂದರೆ ಹಿಂದಕ್ಕೆ ವಾಲಿ, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ಮೈಕಿಗೆ ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿ ತಡೆಯುವ ತೆಳು ಪರದೆ, ಬೇಕೇಬೇಕು. ಪಾತ್ರೆ, ಪಾಕ, ಪುಡಿ, ಬಾಣಲೆ, ಬೆಣ್ಣೆ, ಬೆಂಕಿ: ಕನ್ನಡದ ಅಡುಗೆಮನೆಯಲ್ಲಿ ಅರ್ಧ ಮಾತು ‘ಪ’, ‘ಬ’ದಲ್ಲೇ ಶುರು, ಒಂದೊಂದಕ್ಕೂ ಮೈಕಿನ ಮೇಲೆ ಗಾಳಿಯ ಗುದ್ದು ಬೀಳುತ್ತದೆ. ಶೋ ನಡೆಯುವಾಗ ತಿನ್ನಲು ಏನನ್ನೂ ಕೊಡುವುದಿಲ್ಲ. ಒಬ್ಬರು ಅಗಿಯುವ ಸದ್ದು ಊರಿಗೆಲ್ಲ ಕೇಳಬೇಕಾ? ಹಾಡು ಹಾಕಿದಾಗ ತಿನ್ನಲಿ.

ಫೋನ್ ಮಾಡುವವರಿಗೆ ಮೊದಲ ಮಾತೇ "ರೇಡಿಯೊ ಸೌಂಡ್ ಕಡಿಮೆ ಮಾಡಿ". ನಮ್ಮ ಲೈವ್ ಏಳು ಸೆಕೆಂಡ್ ತಡವಾಗಿ ಹೋಗುತ್ತದೆ, ಯಾರಾದರೂ ಬೈದರೆ ಕತ್ತರಿಸಲು. ಸೌಂಡ್ ಇಟ್ಟುಕೊಂಡೇ ಮಾತಾಡಿದರೆ ತಮ್ಮ ಧ್ವನಿಯೇ ತಡವಾಗಿ ಕೇಳಿ ತಬ್ಬಿಬ್ಬಾಗುತ್ತಾರೆ. ಒಬ್ಬರು ಹೀಗೇ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರು, ಉತ್ತರ ಸರಿಯಾಗಿಯೇ ಇತ್ತು.

ಮೊದಲೇ ರೆಕಾರ್ಡ್ ಮಾಡಿಟ್ಟರೆ ಸುಲಭ, ನಮಗೂ ರಜೆ ಸಿಗುತ್ತದೆ. ಒಮ್ಮೆ ಮಾಡಿದೆ. 22ನೇ ತಾರೀಕು ರೆಕಾರ್ಡಿಂಗ್. ಅತಿಥಿಯೊಬ್ಬರು "ಇವತ್ತು ಎಂಥ ಬಿಸಿಲು!" ಅಂದಿದ್ದರು. 31ಕ್ಕೆ ಪ್ರಸಾರವಾಗುವಾಗ ಹೊರಗೆ ಧಾರಾಕಾರ ಮಳೆ. ಅಂದಿನಿಂದ ಲೈವ್.

ಲೈವ್‌ಗೂ ಅದರದ್ದೇ ಕಾಟ ಇದೆ. ಕಳೆದ ಡಿಸೆಂಬರಿನಲ್ಲಿ ಕೊನೆಯ ಅಡುಗೆ ಡ್ರೈವರ್ ಅವರದ್ದು. ಬಸ್ಸು ಓಡಿಸುವುದರಲ್ಲಿ ಸಮಯ ಸಮಯವೇ, ಅಡುಗೆ ಹೇಳುವುದರಲ್ಲಿ ಮಾತ್ರ ಎಲ್ಲ ಸ್ಟಾಪಿನಲ್ಲೂ ನಿಲ್ಲಿಸುತ್ತಿದ್ದರು. ನಾನು ಗಾಜಿನಾಚೆ ನೋಡುತ್ತಿದ್ದೇನೆ, ಇಂಜಿನಿಯರ್ ಐದು ಬೆರಳು ತೋರಿಸಿದರು, ಆಮೇಲೆ ಎರಡು. "ಈಗ ಸಣ್ಣ ಉರಿಯಲ್ಲಿ ಮುಚ್ಚಿಡಿ, ಆಮೇಲೆ..." ಅಷ್ಟೇ. ಗಂಟೆ ಹೊಡೆದು ಸುದ್ದಿ ಶುರುವಾಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು, ಹೆಡ್‌ಫೋನ್ ತೆಗೆದಿಟ್ಟೆವು, ಒಬ್ಬರಿಗೊಬ್ಬರು ಹೊಸ ವರ್ಷಕ್ಕೆ ಕೈ ಕುಲುಕಿದೆವು. ಹೊರಡುವಾಗ ಕಾಲು ಗಂಟೆ ಆಗಿತ್ತು. ಆಗ ಆಫೀಸಿನ ಫೋನ್ ಹೊಡೆದುಕೊಂಡಿತು.

"ಅಕ್ಕಾ, ಆಮೇಲೆ ಅಂದ್ರಲ್ಲ, ಆಮೇಲೆ ಏನು? ಒಲೆ ಇನ್ನೂ ಉರೀತಿದೆ. ಆರಿಸ್ಲಾ?"