ಎಲೆಯಿಲ್ಲದ ಗಿಡದಲ್ಲಿ ಎಲೆ ಹುಡುಕಿದ್ದು

ದಕ್ಷಿಣ ಆಸ್ಟ್ರೇಲಿಯಾದ ಫ್ಲೂರಿಯೂ ಪರ್ಯಾಯದ್ವೀಪದಲ್ಲಿ, ಒಂದು ಜೌಗಿನ ಅಂಚಿಗೆ ಕಳೆ ಕೀಳೋ ಕೆಲಸಕ್ಕೆ ಹೋಗಿದ್ದೆ. ಆ ಕಡೆ ದೊಡ್ಡ ಕಾಟ ಯುರೋಪಿನಿಂದ ಬಂದ ಸ್ಕಾಚ್ ಬ್ರೂಮ್‌ದು. ಹಳದಿ ಹೂ, ಹಸಿರು ಕಡ್ಡಿ, ಎಲೆ ಕಡಿಮೆ. ನವೆಂಬರ್ ತಿಂಗಳು. ನೀರಿನ ಪಕ್ಕದಲ್ಲೇ ನನಗಿಂತ ಎತ್ತರದ ಗಿಡವೊಂದು ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು. ಗರಗಸ ಕೈಯಲ್ಲೇ ಇತ್ತು.

ನನ್ನ ಕೈ ತಡೆದದ್ದು ಅದು ಜೋತುಬಿದ್ದಿದ್ದ ರೀತಿ. ಬ್ರೂಮ್ ಕಡ್ಡಿ ಸೆಟೆದು ನಿಲ್ಲುತ್ತದೆ. ಇದು ಒದ್ದೆ ಕೂದಲ ಹಾಗೆ ಇಳಿಬಿದ್ದಿತ್ತು.

ಮೊದಲು ಹೂ ನೋಡಿದೆ. ಮೇಲೆ ಅಗಲವಾದ ಒಂದು ಎಸಳು, ಪಕ್ಕಕ್ಕೆ ಎರಡು, ಕೆಳಗೆ ದೋಣಿ ಹಾಗೆ ಕೂಡಿಕೊಂಡ ಎರಡು. ಬಟಾಣಿ ಕುಟುಂಬವೇ ಸರಿ. ಆದರೆ ಬ್ರೂಮ್ ಕೂಡ ಅದೇ ಕುಟುಂಬ ಅಲ್ವಾ? ಉದುರಿದ್ದ ಒಂದು ಹೂವನ್ನು ಅಂಗೈ ಮೇಲೆ ಬಿಡಿಸಿ ಲೆನ್ಸ್ ಹಿಡಿದೆ. ಹತ್ತು ಕೇಸರ, ಬುಡದವರೆಗೂ ಬಿಡಿಬಿಡಿ. ಬ್ರೂಮ್‌ನಲ್ಲಿ ಈ ಹತ್ತೂ ಅಂಟಿಕೊಂಡು ಕೊಳವೆ ಆಗಿರುತ್ತವೆ. ಗರಗಸ ಚೀಲಕ್ಕೆ ಹೋಯ್ತು.

ಕಡ್ಡಿಯನ್ನೂ ಬೆರಳಲ್ಲಿ ಹೊರಳಿಸಿದೆ. ಬ್ರೂಮ್‌ನ ಎಳೆ ಕಡ್ಡಿಗೆ ಐದು ಏಣು ಇರುತ್ತವೆ, ಬೆರಳಿಗೇ ಗೊತ್ತಾಗುತ್ತದೆ. ಇದು ತಂತಿಯಂತೆ ದುಂಡಗಿತ್ತು.

ಹಾಗಾದರೆ ಎಲೆ ಎಲ್ಲಿ? ಮೊಣಕಾಲೂರಿ ಕೂತಾಗ ಪಕ್ಕದಲ್ಲೇ ಗೇಣುದ್ದದ ಸಸಿ ಕಂಡಿತು. ಅದರ ಕೆಳಗಿನ ಉದ್ದ ತೊಟ್ಟುಗಳ ತುದಿಯಲ್ಲಿ ಪುಟ್ಟ ಎಲೆ. ಮೇಲೆ ಹೋದಂತೆ ಎಲೆ ಮಾಯ, ಬರೀ ತೊಟ್ಟು. ದೊಡ್ಡ ಗಿಡದಲ್ಲಿ ನಾನು ಕಡ್ಡಿ ಅಂದುಕೊಂಡದ್ದರಲ್ಲಿ ಎಷ್ಟೋ ಇಂಥ ಎಲೆತೊಟ್ಟುಗಳೇ! ಎಲೆ ಮಾಡಬೇಕಾದ ಕೆಲಸವನ್ನು ಅವೇ ಮಾಡುತ್ತವೆ. ಆ ಸಸಿಯ ಮುಂದೆ ತುಂಬಾ ಹೊತ್ತು ಕೂತಿದ್ದೆ. ಎಷ್ಟು ಚೆಂದದ ಜೋಡಣೆ ಅದು!

ವಿಮಿನೇರಿಯಾ ಜುನ್ಸಿಯಾ. ಅಲ್ಲಿಯ ಜನ ನೇಟಿವ್ ಬ್ರೂಮ್, ಗೋಲ್ಡನ್ ಸ್ಪ್ರೇ ಅಂತಾರೆ. ಆಸ್ಟ್ರೇಲಿಯಾದ್ದೇ ಗಿಡ, ಈ ಕುಲದಲ್ಲಿ ಇದೊಂದೇ ಜಾತಿ. ದಕ್ಷಿಣ ಆಸ್ಟ್ರೇಲಿಯಾದಲ್ಲಂತೂ ಅಪರೂಪ. ಸುಮ್ನೆ ಹೂವಿನ ಬಣ್ಣ ನೋಡಿ ಕಡಿದಿದ್ದರೆ ಎಂದು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಗಿಡಕ್ಕೊಂದು ನೀಲಿ ಪಟ್ಟಿ ಕಟ್ಟಿ, ಸಸಿಯ ಪಕ್ಕ ಒಂದು ಗೂಟ ನೆಟ್ಟು ಬಂದೆ.

ಫೆಬ್ರವರಿಯಲ್ಲಿ ಮತ್ತೆ ಹೋದೆ. ಬ್ರೂಮ್ ಕಾಯಿ ಚಪ್ಪಟೆ, ಕಪ್ಪು, ಬಿಸಿಲಿಗೆ ಚಟಚಟ ಸಿಡಿಯುತ್ತದೆ. ಇದರ ಕಾಯಿ ಅರ್ಧ ಸೆಂಟಿಮೀಟರಿನಷ್ಟು, ಮೊಟ್ಟೆಯಾಕಾರ, ಬಾಯಿ ಮುಚ್ಚಿಕೊಂಡೇ ಇತ್ತು. ಗೂಟದ ಪಕ್ಕದ ಸಸಿ ಮೊಣಕಾಲೆತ್ತರ ಬೆಳೆದಿತ್ತು, ತುದಿಯಲ್ಲಿ ಒಂದೂ ಎಲೆ ಇರಲಿಲ್ಲ.