ಏನನ್ನೂ ಮಾರದೆ ಸಲಹೆ ಕೊಡುವ ಕೆಲಸ: ತೊಗರಿ ಹೊಲದಲ್ಲಿ ನನ್ನ ಅನುಭವ

ನಮ್ಮ ಆಳಂದ ಕಡೆ ತೊಗರಿಗೆ ಕೀಡಿ ಬಿದ್ದರೆ ರೈತರು ಮೊದಲು ಹೋಗುವುದು ಎಣ್ಣೆ ಅಂಗಡಿಗೆ. ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಅಂತಾರೆ. ಅದು ಅಲ್ಲಿ ಉದ್ರಿಗೆ ಸಿಗುತ್ತದೆ, ಜೊತೆಗೆ ಸಲಹೆಯೂ ಸಿಗುತ್ತದೆ. ರಾಶಿ ಆದ ಮೇಲೆ ಲೆಕ್ಕ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ ನಿಜ, ಆದರೆ ಅಲ್ಲಿರುವ ಕೆಲವೇ ಜನ ಎಷ್ಟು ಹಳ್ಳಿ ಸುತ್ತಲು ಆಗುತ್ತದೆ? ಇಂಥ ಹಳ್ಳಿಗಳಲ್ಲೇ ನಾನು ಒಂದು ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯಾಗಿ ತಿರುಗಿದ್ದು. ನನ್ನ ಚೀಲದಲ್ಲಿ ಮಾರುವಂಥದ್ದು ಏನೂ ಇರಲಿಲ್ಲ. ಜನ ನನ್ನ ಮಾತು ಕೇಳಿದ್ದೇ ಅದಕ್ಕೆ ಅಂತ ಇವತ್ತಿಗೂ ನಂಬಿದ್ದೇನೆ.

ಒಂದು ಹೊಲದ ಮಾತು ಹೇಳುತ್ತೇನೆ. ಹೂವಿಗೆ ಬಂದ ತೊಗರಿ ಅಲ್ಲಲ್ಲಿ ನಿಂತಲ್ಲೇ ಒಣಗುತ್ತಿತ್ತು. ಒಂದು ಡಬ್ಬಿ ಎಣ್ಣೆ ಹೊಡೆದಾಗಿತ್ತು, ಇನ್ನೊಂದು ಬದುವಿನ ಮೇಲಿತ್ತು. "ಯವ್ವಾ, ಇದೂ ಹೊಡೀಲೇನು?" ಅಂದರು ಹೊಲದ ಕಾಕಾ. "ಜರಾ ತಡೀರಿ ಕಾಕಾ" ಅಂತ ಒಣಗಿದ ಗಿಡವೊಂದನ್ನು ಬೇರು ಸಮೇತ ಕಿತ್ತು, ಕುಡುಗೋಲಿನಿಂದ ಕಾಂಡ ಸೀಳಿದೆ. ತೊಗಟೆಯ ಕೆಳಗೆ, ಬುಡದಿಂದ ಮೇಲಕ್ಕೆ ಕಪ್ಪು ಗೆರೆ. ಪಕ್ಕದ ಹಸಿರು ಗಿಡ ಸೀಳಿದರೆ ಒಳಗೆ ಬೆಳ್ಳಗೇ ಇತ್ತು. ಅದು ನೆಟೆ ರೋಗ. ಅದನ್ನು ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಲ್ಲಿರುತ್ತದೆ. ಬೇರಿನೊಳಗೆ ಸೇರಿ ಗಿಡಕ್ಕೆ ನೀರು ಏರದಂತೆ ಮಾಡುತ್ತದೆ. ಎಲೆಯ ಮೇಲೆ ಕೀಡಿ ಎಣ್ಣೆ ಹೊಡೆದರೆ ಅದಕ್ಕೇನೂ ಆಗುವುದಿಲ್ಲ. ಕಾಕಾ ಆ ಡಬ್ಬಿ ಒಡೆಯದೆ ವಾಪಸ್ ಕೊಟ್ಟು, ಉದ್ರಿ ಲೆಕ್ಕದಿಂದ ತೆಗೆಸಿದರು.

ಒಣಗಿದ ಗಿಡಕ್ಕೆ ಆ ವರ್ಷ ಮದ್ದಿಲ್ಲ. ಮಾಡುವುದೆಲ್ಲ ಮುಂದಿನ ಬಿತ್ತನೆಗೆ ಮುಂಚೆ. ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿ ಹಾಕಬೇಕು, ರೋಗ ಬಂದ ಹೊಲಕ್ಕೆ ಕೆಲವು ವರ್ಷ ಜೋಳ ಬಿತ್ತಬೇಕು, ಬೀಜಕ್ಕೆ ಟ್ರೈಕೋಡರ್ಮಾ ಅನ್ನುವ, ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ ಹಚ್ಚಬೇಕು. ಬೀಜೋಪಚಾರ ಹೇಳಿಕೊಡಲು ನಾನು ಹೋಗಿದ್ದು ಹೆಂಗಸರ ಸಂಘಕ್ಕೆ. ಮನೆಯಲ್ಲಿ ಬೀಜ ಜೋಪಾನ ಮಾಡುವವರು ಅವರೇ ಅಲ್ವಾ? ರಾತ್ರಿ ಅಡುಗೆ ಕೆಲಸ ಮುಗಿದ ಮೇಲೆ ಸೇರುತ್ತಿದ್ದೆವು. ತಾಡಪತ್ರಿ ಹಾಸಿ, ಬೀಜಕ್ಕೆ ಚೂರು ಬೆಲ್ಲದ ನೀರು ಚಿಮುಕಿಸಿ, ಕೆಜಿಗೆ 4 ಗ್ರಾಂನಂತೆ ಪುಡಿ ಹಚ್ಚಿ, ನೆರಳಲ್ಲಿ ಆರಿಸುವುದು. ಸುಮ್ನೆ ಭಾಷಣ ಮಾಡಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಅವರ ಬೀಜಕ್ಕೆ ಅವರೇ ಹಚ್ಚಿದರು.

ಕಾಯಿಕೊರಕದ ವಿಷಯದಲ್ಲಿ ಹಿರಿಯರಿಂದ ನಾನೇ ಕಲಿತೆ. ಸಾಲಿನ ಮಧ್ಯೆ ಬಟ್ಟೆ ಹಾಸಿ, ಗಿಡ ಬಗ್ಗಿಸಿ ಅಲುಗಾಡಿಸಿದರೆ ಕೀಡಿ ಉದುರುತ್ತವೆ. ಕೋಳಿಗಳಿಗೆ ಹಬ್ಬ. ನಾನು ಸೇರಿಸಿದ್ದು ಎಣಿಸುವ ರೂಢಿ. ಹೊಲದಲ್ಲಿ ಅಡ್ಡಾಡಿ, ಗಿಡಕ್ಕೆ ಸರಾಸರಿ ಒಂದು ಕೀಡಿಯೂ ಸಿಗದಿದ್ದರೆ ಎಣ್ಣೆ ಬೇಡ ಅಂತ ಹೇಳುತ್ತಿದ್ದೆ. ಶುರುವಿಗೆ ಬೇವಿನ ಕಷಾಯ ಸಾಕು: 100 ಲೀಟರ್ ನೀರಿಗೆ 5 ಕೆಜಿ ಬೇವಿನ ಬೀಜದ ಪುಡಿ. ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸಾಬೂನು ಪುಡಿ ಬೆರೆಸಿ, ಬಿಸಿಲು ಇಳಿದ ಮೇಲೆ ಹೊಡೆಯಬೇಕು.

ಇದರಿಂದ ಬದುಕಿಗೆ ಏನಾಯಿತು? ಇಳುವರಿ ಎಷ್ಟು ಏರಿತು ಅಂತ ಸಂಸ್ಥೆಯ ವರದಿಗೆ ಕೇಳುತ್ತಿದ್ದರು. ನಾನು ಬದಲಾವಣೆ ಕಂಡಿದ್ದು ಉದ್ರಿ ಪುಸ್ತಕದಲ್ಲಿ. ಮಳೆ ಕೈಕೊಟ್ಟರೆ ಯಾರ ಸಲಹೆಯೂ ಇಳುವರಿ ತರುವುದಿಲ್ಲ. 2022ರ ಮುಂಗಾರಿನ ತೊಗರಿಗೆ ನೆಟೆ ರೋಗ ಎಷ್ಟು ಜಾಸ್ತಿ ಬಂತೆಂದರೆ, ಕಲಬುರಗಿ ಜಿಲ್ಲೆಯ ರೈತರು ಸರ್ಕಾರದ ಪರಿಹಾರ ಕೇಳಬೇಕಾಯಿತು. ಆದರೆ ಎಣ್ಣೆ ಅಂಗಡಿಯ ಉದ್ರಿ ಸಾಲದ ಹೊರೆ ಇಲ್ಲದ ಮನೆಗೆ ರಾಶಿ ಮಾಡಿದ ವಾರವೇ ಅಡತಿ ಅಂಗಡಿಗೆ ಓಡುವ ಗತಿ ಇರುವುದಿಲ್ಲ. ಎಲ್ಲರ ಮಾಲೂ ಒಟ್ಟಿಗೆ ಬಂದು ರೇಟು ಬೀಳುವಾಗ ಅವರು ಚೀಲ ಮನೆಯಲ್ಲೇ ಇಟ್ಟು ಕಾಯಬಹುದು. ಕಾದವರ ಮನೆಗಳನ್ನು ನಾನು ನೋಡಿದ್ದೇನೆ. ಮಕ್ಕಳ ಕಾಲೇಜಿನ ಫೀಸಿಗೆ ಅವರು ಬಡ್ಡಿ ಸಾಲ ಮಾಡಲಿಲ್ಲ.

ಹೊಲವಿಲ್ಲದ ಕೂಲಿಯವರಿಗೆ ಮಾತ್ರ ನಮ್ಮ ಕೆಲಸ ಸರಿಯಾಗಿ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಬೇವಿನ ಬೀಜ ಆರಿಸಿ ಸಂಘಕ್ಕೆ ಮಾರಿದ ಹೆಂಗಸರಿಗೆ ನಾಲ್ಕು ಕಾಸು ಸಿಕ್ಕಿತು, ಅಷ್ಟೇ. ಸಲಹೆ ಅಂದರೆ ಹೊಲ ಇದ್ದವರಿಗೆ ಅಂತ ಮೊದಲೇ ಗೆರೆ ಎಳೆದ ಯೋಜನೆಗಳು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಸಂಕಟ ಹಣದ್ದು. ಯೋಜನೆಗೆ ಅವಧಿ ಇರುತ್ತದೆ, ಕೀಡಿಗೆ ಇರುವುದಿಲ್ಲ. ದೇಣಿಗೆ ನಿಂತಾಗ ನಮ್ಮ ಸಂಬಳವೂ ನಿಂತಿತು. ಆಗ ಸಂಘದವರೇ ಕೂತು ತೀರ್ಮಾನ ಮಾಡಿದರು. ಈಗ ತೊಗರಿ ಮೊಗ್ಗು ಬಿಡುವ ಕಾಲದಲ್ಲಿ ಇಬ್ಬರು ಹೆಂಗಸರು ಹೊಲ ಹೊಲ ಸುತ್ತಿ ಕೀಡಿ ಎಣಿಸುತ್ತಾರೆ, ಅವರ ಕೂಲಿ ಸಂಘದ ಉಳಿತಾಯದಿಂದ ಹೋಗುತ್ತದೆ. ಅವರಿಗೆ ಗೊತ್ತಾಗದ ರೋಗದ ಫೋಟೊ ನನ್ನ ವಾಟ್ಸಾಪಿಗೆ ಬರುತ್ತದೆ. ನನಗೂ ಗೊತ್ತಾಗದಿದ್ದರೆ ಗಿಡವನ್ನೇ ಚೀಲಕ್ಕೆ ಹಾಕಿಸಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸುತ್ತೇನೆ.